ಲಾಳದ ನೋಲಾ ಹಾರಿಸಿದ ಎಮ್ಮೆಟ್

ರಾಕೆಟ್ಟಿನ ಪಕ್ಕೆಗೆ ಬಾಯಿ ಹಚ್ಚಿ ಗಾಳಿ ಹೀರುವುದು ಹವ್ಯಾಸಕ್ಕೆ ರಾಕೆಟ್ಟು ಹಾರಿಸುವ ನಮ್ಮ ಸಂಘದವರಲ್ಲಿ ಹಳೆಯ ಅಭ್ಯಾಸ. ನೋಡುವವರಿಗೆ ಅಸಹ್ಯ, ನಮಗೆ ಅದು ಪರೀಕ್ಷೆ. ಒಳಗೆ ಬೆಂಕಿಪೊಟ್ಟಣದಷ್ಟು ದೊಡ್ಡ, ಎತ್ತರ ಅಳೆಯುವ ಒಂದು ಯಂತ್ರ ಕೂತಿರುತ್ತದೆ, ಆಲ್ಟಿಮೀಟರ್. ಗಾಳಿ ತೆಳುವಾದರೆ ಮೇಲೆ ಹೋಗುತ್ತಿದ್ದೇನೆ ಎಂದುಕೊಳ್ಳುತ್ತದೆ. ಮತ್ತೆ ದಟ್ಟವಾದರೆ ಕೆಳಗೆ ಬೀಳುತ್ತಿದ್ದೇನೆ ಎಂದುಕೊಂಡು ಒಂದು ಚಮಚ ಕರಿಮದ್ದಿಗೆ ಕಿಡಿ ಹಚ್ಚುತ್ತದೆ. ಮದ್ದು ಸಿಡಿದು ರಾಕೆಟ್ಟಿನ ಮೂತಿಯನ್ನು ಆಚೆಗೆ ನೂಕಿದರೆ ಪ್ಯಾರಾಚೂಟ್ ಹೊರಬರುತ್ತದೆ. ಪಕ್ಕೆಯ ತೂತಿಗೆ ತುಟಿ ಹಚ್ಚಿ ಹೀರಿ ಬಿಟ್ಟರೆ ಪಾಪದ ಯಂತ್ರ ಮೇಜಿನ ಮೇಲೆ ಕೂತಲ್ಲೇ ಆಕಾಶ ನೋಡಿ ಬಂದೆನೆಂದು ಭ್ರಮಿಸುತ್ತದೆ. ಕಿಡಿಯ ತಂತಿಗೆ ಬದಲು ಸಣ್ಣ ಬಲ್ಬು ಸಿಕ್ಕಿಸಿದ್ದರೆ ಅದು ಮಿನುಗುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಷರತ್ತು ಒಂದೇ: ಒಳಗೆ ಮದ್ದು ಇರಬಾರದು.

ಇತ್ತು.

ಮಿಲ್ ಸ್ಪ್ರಿಂಗ್ಸಿನ ಚರ್ಚ್ ಹಾಲಿನಲ್ಲಿ, ಹಾರಾಟದ ಹಿಂದಿನ ಸಂಜೆ ಎಲ್ಲರೂ ಮನೆಯಿಂದ ಒಂದೊಂದು ಪಾತ್ರೆ ತಂದು ಕೂಡಿ ಉಣ್ಣುವ ಹೊತ್ತಿನಲ್ಲಿ, ನೋಲಾ ಬ್ರಿಕರ್ ಹೀರಿದಳು, ಬಿಟ್ಟಳು. ಆಲ್ಟಿಮೀಟರ್ ತನ್ನ ಕರ್ತವ್ಯ ಮಾಡಿತು. ಮೂತಿ ಚಾವಣಿಯ ಹಲಗೆಯನ್ನು ತೂರಿಕೊಂಡು ಹೋಗಿ, ಒಳಗೆ ಏನಕ್ಕೋ ಬಡಿದು, ಅದೇ ತೂತಿನಿಂದ ವಾಪಸು ಬಂದು ಟ್ವೈಲಾ ಲಾರ್ಕಿನ್ ತಂದಿದ್ದ ಬಿಸಿ ಬೀನ್ಸಿನ ಪಾತ್ರೆಗೆ ಇಳಿಯಿತು. ಬೀನ್ಸು ಟ್ವೈಲಾಳ ಎದೆಗೆ ಇಳಿಯಿತು. ಕೊಳವೆ ಕುದುರೆಯಂತೆ ಹಿಂದಕ್ಕೆ ಒದ್ದು ನೋಲಾಳ ಮುಂದಿನ ಎರಡು ಹಲ್ಲು ಕಿತ್ತಿತು. ಹಲ್ಲೆಯಲ್ಲಿ ಹಲ್ಲು ಕಳೆದುಕೊಳ್ಳುವುದು ಅವಳಿಗೆ ಹೊಸದೇನಲ್ಲ. ಆದರೆ ತಾನೇ ಮಾಡಿ ತಾನೇ ಬಣ್ಣ ಬಳಿದ ವಸ್ತುವಿನಿಂದ ಪೆಟ್ಟು ತಿಂದದ್ದು ಅದೇ ಮೊದಲು.

ಹಾಲಿನ ತುಂಬ ಮದ್ದಿನ ಹೊಗೆ. ನೋಲಾ ಹಲ್ಲುಗಳನ್ನು ಕಾಗದದ ಕರವಸ್ತ್ರಕ್ಕೆ ಉಗಿದು, ಅದನ್ನು ಮಡಚಿ ಜೇಬಿಗಿಟ್ಟು, ಎದುರಿಗೆ ಕೂತಿದ್ದ ಎಮ್ಮೆಟ್ ಲಾರ್ಕಿನ್‌ನತ್ತ ತಿರುಗಿದಳು.

"ನೋಡಿದ್ಯಾ? ಕೆಲ್ಸ ಮಾಡ್ತಿದೆ."

ಟ್ವೈಲಾ ಎದೆಯ ಮೇಲಿನ ಬೀನ್ಸು ಒರೆಸಿಕೊಳ್ಳುವ ಗೋಜಿಗೂ ಹೋಗದೆ ಮೇಜು ಸುತ್ತಿ ಬಂದು ನೋಲಾಳ ಕೆನ್ನೆಗೆ ಬಾರಿಸಿದಳು. ಗೋಡೆಯ ಮೇಲಿನ ಮೇರಿಯಮ್ಮನೂ ಕಣ್ಣು ಮಿಟುಕಿಸಬೇಕು, ಅಂಥ ಸದ್ದು.

"ನನ್ ಗಂಡನ ಕಾಲು ಸಾಲ್ದು ಅಂತ ಈಗ ನನ್ನೇ ಬೇಯಿಸೋಕೆ ಬಂದ್ಯೇನೇ?"

ನೋಲಾಳ ಮುಷ್ಟಿ ಬಿಗಿಯಿತು. ಆ ಮುಷ್ಟಿಯನ್ನು ಬಲ್ಲ ನಾವೆಲ್ಲ ನಮ್ಮ ನಮ್ಮ ತಟ್ಟೆ ಎತ್ತಿಕೊಂಡು ಹಿಂದೆ ಸರಿದೆವು. ಅಷ್ಟರಲ್ಲಿ ಇಬ್ಬರ ನಡುವೆ ಒಂದು ಊರುಗೋಲು ಬಂತು.

"ಕೂತ್ಕೊಳ್ಳಿ ಇಬ್ರೂ," ಅಂದ ಎಮ್ಮೆಟ್. "ಜೋಳದ ಬ್ರೆಡ್ಡು ತಣ್ಣಗಾಗ್ತಿದೆ."

ನೋಲಾ ಕೂತಳು. ಅವಳು ಹಾಗೆ ಹೇಳಿದ ಮಾತು ಕೇಳಿ ಕೂತದ್ದನ್ನು ನೋಡಿದವರು ಆ ಜಿಲ್ಲೆಯಲ್ಲಿ ಕಡಿಮೆ. ಕೂತದ್ದಕ್ಕೆ ಕಾರಣವಿತ್ತು. ಮರುದಿನ ಅವಳು ರಾಕೆಟ್ಟು ಹಾರಿಸುವ ಪರವಾನಗಿಯ ಮೂರನೆಯ ಮೆಟ್ಟಿಲು ಹತ್ತಬೇಕಾಗಿತ್ತು. ಅದಕ್ಕೆ ಒಬ್ಬ ಮನುಷ್ಯನ ಸಹಿ ಬೇಕಾಗಿತ್ತು. ಆ ಮನುಷ್ಯನ ತೊಡೆಯಲ್ಲಿ ಅವಳಿಂದಾಗಿಯೇ ಒಂದು ಉಕ್ಕಿನ ಸರಳಿತ್ತು.

ನೋಲಾ ಲಾಳ ಕಟ್ಟುವವಳು. ನೆವಾಡಾದ ನಮ್ಮ ಕಡೆಯ ಅಷ್ಟೂ ಕುದುರೆಗಳ ಗೊರಸು ಅವಳ ತೊಡೆಯ ಮೇಲೆ ಕೂತು ಎದ್ದಿದೆ. ಅವಳ ಅಪ್ಪ ಕಾಡುಕುದುರೆ ಹಿಡಿದು ಮಾರುತ್ತಿದ್ದ ಮನುಷ್ಯ. ಅವನಿಗೆ ಮಾತಿಗಿಂತ ಕೈ ಮುಂದು, ಕೈಗಿಂತ ಚರ್ಮದ ಪಟ್ಟಿ ಮುಂದು. ಹದಿನೈದಕ್ಕೆ ಬಂದಾಗ ಒಂದು ದಿನ ಅವಳು ಗೊರಸು ಉಜ್ಜುವ ಅರದಿಂದ ಅವನ ಹೆಗಲಿನ ಮೂಳೆ ಮುರಿದು, ತನ್ನ ಪಾಲಿಗೆಂದು ಆ ಅರವನ್ನೇ ತೆಗೆದುಕೊಂಡು ಮನೆ ಬಿಟ್ಟಳು. ಪಿತ್ರಾರ್ಜಿತ ಆಸ್ತಿ ಎಂದು ಅದನ್ನು ಎಲ್ಲರಿಗೂ ತೋರಿಸುತ್ತಿದ್ದಳು. ಆಮೇಲೆ ಬರ್ನಿ ಎಂಬುವವನ ಜೊತೆ ಲಗ್ನವಾಯಿತು. ಲಗಾಮು ಇಬ್ಬರಿಗೂ ಇರಲಿಲ್ಲ. ಅವನು ಕಾದ ಬಾಣಲೆ ಎಸೆದ. ಅವಳು ಅವನ ಕಾರನ್ನು ಇಳಿಜಾರಿನಲ್ಲಿ ನೂಕಿ ದನಗಳ ನೀರಿನ ಹೊಂಡಕ್ಕೆ ಬಿಟ್ಟಳು. ಹಿಂದಿನ ಸೀಟಿನಲ್ಲಿ ಅವನು ಕುಡಿದು ಮಲಗಿದ್ದದ್ದು ತನಗೆ ಗೊತ್ತೇ ಇರಲಿಲ್ಲವೆಂದು ಷೆರಿಫ್‌ಗೆ ಹೇಳಿದಳು. ಷೆರಿಫ್ ನಂಬಿದ. ನಾವು ಇನ್ನೂ ನಂಬಿಲ್ಲ. ಬರ್ನಿ ಒದ್ದೆ ಬಟ್ಟೆಯಲ್ಲೇ ಊರು ಬಿಟ್ಟ.

ಡಚೆಸ್ ಎಂಬ ಕಂದು ಹೆಣ್ಣುಕುದುರೆಯೊಂದು ಅವಳ ದವಡೆ ಮುರಿದಿತ್ತು. ಮತ್ತೊಂದು ಮೊಣಕಾಲಿನ ಚಿಪ್ಪು ಜರುಗಿಸಿತ್ತು. ಹೀಗೆ ಪೆಟ್ಟು ತಿನ್ನುತ್ತ, ಬಡ್ಡಿ ಸೇರಿಸಿ ತಿರುಗಿಸಿ ಕೊಡುತ್ತ ಬಂದ ಹೆಂಗಸು ಒಂದು ಮಧ್ಯಾಹ್ನ ನಾವು ಹಾರಾಟ ನಡೆಸುವ ಒಣಕೆರೆಯ ಅಂಚಿನ ಕುದುರೆಲಾಯದಲ್ಲಿ ಲಾಳ ಬಡಿಯುತ್ತಿದ್ದಾಗ ನಾವು ಅಲ್ಲೇ ಆಚೆ ಮದ್ದು ತುಂಬಿದ ಒಂದು ದೊಡ್ಡ ರಾಕೆಟ್ ಮೋಟರು ಹೊತ್ತಿಸಿದೆವು. ಕುದುರೆ ಬೆದರಿ ಬೇಲಿ ಕಿತ್ತುಕೊಂಡು ಓಡಿತು. ನೋಲಾಳ ಕೈಗೆ ಹಗ್ಗ ಸುತ್ತಿಕೊಂಡಿತ್ತು, ಅವಳೂ ಬೇಲಿಯ ಮುಳ್ಳುತಂತಿಯ ಮೂಲಕವೇ ಹೋದಳು. ಸ್ವಲ್ಪ ಹೊತ್ತಿಗೆ ಮೈಯೆಲ್ಲ ರಕ್ತ ಮಾಡಿಕೊಂಡು, ಕೈಯಲ್ಲಿ ಸುತ್ತಿಗೆ ಹಿಡಿದು ನಮ್ಮ ಕಡೆಗೆ ನಡೆದು ಬಂದಳು. ಹೊಡೆಯಲು ಬಂದಳೆಂದು ಅರ್ಧ ಜನ ಕಾರು ಹತ್ತಿದರು. ಅವಳು ಆಕಾಶದಲ್ಲಿ ಕರಗುತ್ತಿದ್ದ ಬಿಳಿ ಹೊಗೆಯ ಗೆರೆ ನೋಡುತ್ತ ನಿಂತಳು.

"ಏನದು, ಅಷ್ಟು ಸಿಟ್ಟಲ್ಲಿ ಹೋಯ್ತಲ್ಲ?"

ಉತ್ತರ ಹೇಳಿದವನು ಎಮ್ಮೆಟ್. ಅವನು ಜಿಲ್ಲೆಯ ರಸ್ತೆಗಳಲ್ಲಿ ಹಿಮ ತಳ್ಳುವ ಗಾಡಿಯ ಚಾಲಕ. ಹೆಸರಿನಲ್ಲಿ ಇರುವ ಎಮ್ಮೆ ನಡಿಗೆಯಲ್ಲೂ ಇತ್ತು, ಸಹನೆಯಲ್ಲೂ ಇತ್ತು. ಸುತ್ತಿಗೆಯನ್ನು ಅವಳ ಕೈಯಿಂದ ಮೆಲ್ಲಗೆ ತೆಗೆದುಕೊಂಡು, ಮಡಚುವ ಕುರ್ಚಿ ಕೊಟ್ಟು, ನಮ್ಮ ಲೋಕದ ಅಕ್ಷರಮಾಲೆ ಕಲಿಸಿದ. ಮೋಟರುಗಳಿಗೆ ಇಂಗ್ಲಿಷ್ ಅಕ್ಷರಗಳೇ ಹೆಸರು. ಒಂದೊಂದು ಅಕ್ಷರ ಮುಂದೆ ಹೋದಂತೆ ಶಕ್ತಿ ಎರಡರಷ್ಟು. ಎಚ್, ಐಗಳಿಗೆ ಮೊದಲ ಮೆಟ್ಟಿಲು. ಜೆ, ಕೆ, ಎಲ್‌ಗಳಿಗೆ ಎರಡನೆಯದು. ಎಮ್ ಮತ್ತು ಅದರಾಚೆಗೆ ಮೂರನೆಯದು. ಅದನ್ನು ಹತ್ತಬೇಕಾದರೆ ಅನುಭವಿಯೊಬ್ಬ ಕಣ್ಣಾರೆ ಕಂಡು ಸಹಿ ಹಾಕಬೇಕು. ರಾಕೆಟ್ಟು ಮೇಲೆ ಹೋದರೆ ಸಾಲದು. ಇನ್ನೊಮ್ಮೆ ಹಾರುವ ಸ್ಥಿತಿಯಲ್ಲಿ ನೆಲಕ್ಕೆ ಬರಬೇಕು. ನಮ್ಮ ಒಣಕೆರೆಯಲ್ಲಿ ಆ ಸಹಿಯ ಅಧಿಕಾರ ಎಮ್ಮೆಟ್‌ನದು.

"ಹೋಗೋದು ಸುಲಭ ಕಣೇ," ಅಂದಿದ್ದ ಅವನು. "ವಾಪಸ್ ಬರೋದ್ರಲ್ಲೇ ಎಲ್ಲಾ ಇರೋದು."

"ನನ್ ಗಂಡಂಗೂ ಹಾಗೇ ಆಯ್ತು," ಅಂದಳು ನೋಲಾ.

ಎರಡು ಮೆಟ್ಟಿಲು ಅವಳು ಬೇಗ ಬೇಗ ಹತ್ತಿದಳು. ರಾಕೆಟ್ಟುಗಳಿಗೆ ತನಗೆ ಹೊಡೆದವರ ಹೆಸರಿಡುವುದು ಅವಳ ಪದ್ಧತಿ. ಮೊದಲನೆಯದು ‘ಅಪ್ಪ’. ಅದು ಹಾರಿಸುವ ಕಂಬದ ಮೇಲೆಯೇ ಸಿಡಿದು ತುಂಡು ತುಂಡಾಯಿತು. ಅವಳು ತುಂಬ ಹೊತ್ತು ನಕ್ಕಳು. ಎರಡನೆಯದು ‘ಡಚೆಸ್’, ಚಿಕ್ಕ ಮೋಟರಿನಲ್ಲಿ ಒಮ್ಮೆ, ದೊಡ್ಡದರಲ್ಲಿ ಇನ್ನೊಮ್ಮೆ ಒಳ್ಳೆಯ ಕುದುರೆಯಂತೆ ಹಾರಿ ಎರಡೂ ಮೆಟ್ಟಿಲು ಹತ್ತಿಸಿತು. ಮೂರನೆಯದು ‘ಬರ್ನಿ’. ಮನುಷ್ಯ ಬರ್ನಿಗೆ ತಾನು ಬೀಳುತ್ತಿದ್ದೇನೆಂದು ಎಂದೂ ಗೊತ್ತಾಗುತ್ತಿರಲಿಲ್ಲ. ರಾಕೆಟ್ಟಿಗೂ ಗೊತ್ತಾಗಲಿಲ್ಲ.

ಅದು ನಡೆದದ್ದು ಹೀಗೆ. ರಾಕೆಟ್ಟನ್ನು ಕಂಬಕ್ಕೆ ಏರಿಸಿದ ಮೇಲೆ ಏಣಿ ಹತ್ತಿ ಆಲ್ಟಿಮೀಟರಿನ ಸ್ವಿಚ್ಚು ಹಾಕಬೇಕು. ಎಲ್ಲ ಸರಿಯಿದ್ದರೆ ಅದು ಮೂರು ಸಲ ಪಿಪ್ ಪಿಪ್ ಪಿಪ್ ಎನ್ನುತ್ತದೆ. ಆ ಸದ್ದು ಕೇಳಿದ ಮೇಲೆ ಮಾತ್ರ ಇಳಿಯಬೇಕು. ಆ ದಿನ ಅಕ್ಕಪಕ್ಕದ ಕಂಬಗಳಲ್ಲಿ ಒಂದು ನೋಲಾಳದು, ಒಂದು ಎಮ್ಮೆಟ್‌ನದು. ನೋಲಾ ಏಣಿ ಹತ್ತಿ, ಸ್ವಿಚ್ಚು ತಿರುಗಿಸಿ, ಕಿವಿಗೊಟ್ಟಳು. ಪಿಪ್ ಪಿಪ್ ಪಿಪ್. ಸಮಾಧಾನದಿಂದ ಇಳಿದಳು. ಕೂಗಿದ್ದು ಎಮ್ಮೆಟ್‌ನ ಆಲ್ಟಿಮೀಟರ್. ಅವಳದರ ಬ್ಯಾಟರಿಯ ತಂತಿ ಕಳಚಿಕೊಂಡು ಅದು ಸತ್ತಂತೆ ಮಲಗಿತ್ತು. ಒಣಕೆರೆಯ ಗಾಳಿಯಲ್ಲಿ ಸದ್ದು ಎಲ್ಲಿಂದ ಬರುತ್ತದೆಂದು ಹೇಳುವುದು ಕಷ್ಟ. ನಮ್ಮಲ್ಲಿ ಯಾರು ಬೇಕಾದರೂ ಮಾಡಬಹುದಾಗಿದ್ದ ತಪ್ಪು. ಮಾಡಿದ್ದು ಅವಳು.

ಬರ್ನಿ ಮೋಡವಿಲ್ಲದ ಆಕಾಶದಲ್ಲಿ ಕಣ್ಮರೆಯಾದ. ಪ್ಯಾರಾಚೂಟ್ ಬರಲಿಲ್ಲ. ಹಾಗೆ ಮೂತಿ ಕೆಳಗಾಗಿ ಬೀಳುವ ರಾಕೆಟ್ಟು ಸದ್ದಿಗಿಂತ ಮೊದಲು ಬರುತ್ತದೆ. ಅದಕ್ಕೇ ನಮ್ಮಲ್ಲೊಂದು ಕಟ್ಟಳೆ: ಕಂಡವರು "ಬರ್ತಾ ಇದೆ" ಎಂದು ಕೂಗಿ ಕೈ ಎತ್ತಿ ಬೆರಳು ತೋರಿಸಬೇಕು, ಅದು ನೆಲ ಸೇರುವವರೆಗೂ ಬೆರಳು ಇಳಿಸಬಾರದು. ಕಾಣದವರು ಬೆರಳು ನೋಡಿ ಓಡುತ್ತಾರೆ. ಎಮ್ಮೆಟ್ ತನ್ನ ಪಿಕಪ್ಪಿನ ಹಿಂಭಾಗದಲ್ಲಿ ಬಟ್ಟೆಯ ನೆರಳಿನ ಕೆಳಗೆ ಕೂತು ಉಪ್ಪಿನಲ್ಲಿ ನೆನೆಸಿದ ಸೌತೆಕಾಯಿ ಕಚ್ಚುತ್ತಿದ್ದ. ಆಕಾಶ ಅವನಿಗೆ ಕಾಣಿಸುತ್ತಿರಲಿಲ್ಲ. ಕಂಡದ್ದು ನೂರು ಬೆರಳು, ಎಲ್ಲವೂ ಮೆಲ್ಲಗೆ ತನ್ನ ಕಡೆಗೇ ತಿರುಗುತ್ತಿದ್ದವು.

ಬಟ್ಟೆ ಹರಿಯಿತು, ತೊಡೆ ಮುರಿಯಿತು, ಪಿಕಪ್ಪಿನ ತಳ ತೂತಾಯಿತು. ಬರ್ನಿ ಕೆಳಗಿನ ಮಣ್ಣಿನಲ್ಲಿ ಮೊಳದುದ್ದ ಹುಗಿದುಕೊಂಡು ನಿಂತ. ಎಲ್ಲ ಒಂದೇ ಸದ್ದು. ಎಮ್ಮೆಟ್‌ನ ತೊಡೆಯ ಮೂಳೆ ಬಿಳಿಯಾಗಿ ಹೊರಗೆ ಬಂದಿತ್ತು. ರಕ್ತ ಚಿಮ್ಮುತ್ತಿದ್ದುದು ಎದೆಬಡಿತದ ತಾಳಕ್ಕೆ. ನಾವೆಲ್ಲ ಬೆರಳು ಎತ್ತಿಕೊಂಡೇ ನಿಂತಿದ್ದೆವು. ಓಡಿದವಳು ನೋಲಾ. ಲಾಳದ ಚರ್ಮದ ಏಪ್ರನ್ನಿನ ಪಟ್ಟಿಯನ್ನು ಅವನ ತೊಡೆಯ ಬುಡಕ್ಕೆ ಬಿಗಿದು, ಗಾಯದೊಳಗೆ ಎರಡೂ ಕೈ ತೂರಿಸಿ, ರಕ್ತನಾಳವನ್ನು ಮೂಳೆಗೆ ಅದುಮಿ ಹಿಡಿದಳು.

ಎಮ್ಮೆಟ್ ಅವಳಿಗೆ ಹೊಡೆಯತೊಡಗಿದ. ನೋವಿಗೆ ಹೊಡೆದನೋ, ಸಿಟ್ಟಿಗೋ, ಅವನಿಗೇ ಗೊತ್ತಿರಲಿಲ್ಲ. ಎಂದೂ ಯಾರ ಮೇಲೂ ಕೈ ಎತ್ತದ ಮನುಷ್ಯ, ಹಿಮದ ಗಾಡಿಯ ಗೇರು ಎಳೆದೆಳೆದು ಗಟ್ಟಿಯಾದ ಮುಷ್ಟಿಯಿಂದ ಅವಳ ಎಡಗಿವಿಗೆ, ಕಣ್ಣಿಗೆ, ಮತ್ತೆ ಕಿವಿಗೆ ಗುದ್ದಿದ. ಕಿವಿಯಿಂದ ರಕ್ತ ಬಂತು. ಇಬ್ಬರು ಸೇರಿ ಅವನ ಕೈ ಹಿಡಿಯಹೋದರು.

"ಬಿಡ್ರೋ ಅವನ್ನ," ಅಂದಳು ನೋಲಾ. "ಹೊಡೀತಿದಾನೆ ಅಂದ್ರೆ ಬದುಕಿದಾನೆ."

ಹೆಲಿಕಾಪ್ಟರ್ ಬರುವವರೆಗೆ ಅವನು ಹೊಡೆದ, ಅವಳು ಹಿಡಿದಳು. ಅವನ ಕಾಲು ಉಳಿಯಿತು, ಆದರೆ ಅರ್ಧಕ್ಕರ್ಧ ಉಕ್ಕು. ಅವಳ ಎಡಗಿವಿ ಉಳಿಯಲಿಲ್ಲ. ಸಂಘದವರು ಕೂತು, ಎಮ್ಮೆಟ್ ಒಪ್ಪುವವರೆಗೆ ನೋಲಾ ಒಂದು ಪಟಾಕಿಯನ್ನೂ ಹಾರಿಸಕೂಡದೆಂದು ತೀರ್ಮಾನಿಸಿದರು. ಎಮ್ಮೆಟ್ ಒಪ್ಪಿಗೆಯನ್ನೂ ಕೊಡಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಇಲ್ಲವೆಂದು ಹೇಳುತ್ತಿದ್ದವಳು ಟ್ವೈಲಾ. ಅಂಗಡಿಯಲ್ಲಿ ನೋಲಾ ಕಂಡರೆ ತಳ್ಳುಗಾಡಿಯನ್ನು ಅವಳ ಹಿಮ್ಮಡಿಗೇ ಗುರಿಯಿಟ್ಟು ಬಿಡುತ್ತಿದ್ದಳು. ನೋಲಾ ತಿರುಗಿ ಟೊಮೆಟೊ ಡಬ್ಬಿ ಎಸೆಯುತ್ತಿದ್ದಳು. ನಾಲ್ಕು ವರ್ಷ ಹೀಗೆ ನಡೆಯಿತು. ನಾಲ್ಕನೆಯ ವಸಂತದಲ್ಲಿ ಒಂದು ದಿನ ಎಮ್ಮೆಟ್ ಊರುಗೋಲು ಊರುತ್ತ ಅವಳ ಕೊಟ್ಟಿಗೆಗೆ ಹೋಗಿ, "ಕಟ್ಟು, ನೋಡೋಣ," ಅಂದ. ಅಷ್ಟೇ.

ಅವಳು ಕಟ್ಟಿದ್ದು ಎರಡಾಳೆತ್ತರದ, ತಬ್ಬಿದರೆ ಕೈ ತುಂಬುವ ಕರಿಯ ರಾಕೆಟ್ಟು. ಮೋಟರು ಎನ್. ಪಕ್ಕೆಯ ಮೇಲೆ ಬಿಳಿ ಅಕ್ಷರದಲ್ಲಿ ಹೆಸರು: ‘ಎಮ್ಮೆಟ್’. ಕೊನೆಯದಾಗಿ ಅವಳಿಗೆ ಹೊಡೆದವನು ಅವನೇ ತಾನೆ. ಅವಳ ಲೆಕ್ಕದಲ್ಲಿ ಅದು ಗೌರವ. ಆದರೆ ಆ ಲೆಕ್ಕ ಟ್ವೈಲಾಳಿಗೆ ಯಾರೂ ಹೇಳಿರಲಿಲ್ಲ. ಚರ್ಚ್ ಹಾಲಿನಲ್ಲಿ, ಬೀನ್ಸು ಮೆತ್ತಿದ ರವಿಕೆಯಲ್ಲಿ, ಅವಳು ಆ ಅಕ್ಷರಗಳನ್ನು ಮೊದಲ ಬಾರಿಗೆ ಓದಿದಳು.

"ಇವ್ನ ಕಾಲು ಮುರಿದು, ಈಗ ಇವ್ನ ಹೆಸರಲ್ಲಿ ಬೆಂಕಿ ಹಚ್ತೀಯಾ?"

"ಮುದ್ದಾಗಿ ಬರ್ದಿದೀನಿ ಕಣೇ, ನೋಡು," ಅಂದಳು ನೋಲಾ, ಹಲ್ಲಿಲ್ಲದ ಸಂದಿಯಿಂದ ಗಾಳಿ ಬಿಡುತ್ತ.

ಟ್ವೈಲಾ ಬ್ರೆಡ್ಡು ಕೊಯ್ಯುವ ಚಾಕು ಎತ್ತಿಕೊಂಡಳು. ಎಮ್ಮೆಟ್ ಅದನ್ನು ಅವಳ ಕೈಯಿಂದ ತೆಗೆದು, ಬ್ರೆಡ್ಡು ಕೊಯ್ದು, ಇಬ್ಬರ ತಟ್ಟೆಗೂ ಒಂದೊಂದು ತುಂಡು ಹಾಕಿದ.

"ನಾಳೆ ಒಣಕೆರೇಲಿ ಇದೊಂದೇ ನಿಂತಿರ್ಬೇಕು," ಅಂದ. "ಬೇರೆ ಯಾರ್ದೂ ಕಂಬದ ಮೇಲೆ ಇರ್ಬಾರ್ದು. ಏಣಿ ನಾನ್ ಹತ್ತೀನಿ. ಪಿಪ್ ಅನ್ನೋದನ್ನ ನಾನ್ ಕೇಳ್ತೀನಿ."

"ನಿನ್ ಕಾಲಲ್ಲಿ ಏಣಿನಾ?" ಅಂದಳು ನೋಲಾ.

"ನಿನ್ ಕಿವಿ ಕೊಡ್ತೀಯಾ ಮತ್ತೆ?"

ಬೆಳಿಗ್ಗೆ ಗಾಳಿ ಇರಲಿಲ್ಲ. ಬಿರುಕುಬಿಟ್ಟ ಬಿಳಿ ನೆಲ ಗುಡ್ಡಗಳವರೆಗೂ ಖಾಲಿ, ನಡುವೆ ಕರಿಯ ಎಮ್ಮೆಟ್ ಒಬ್ಬನೇ. ಬಿಳಿಯ ಎಮ್ಮೆಟ್ ಏಣಿಯ ಬುಡಕ್ಕೆ ಬರುವಷ್ಟರಲ್ಲಿ ಟ್ವೈಲಾ ಅಡ್ಡ ನಿಂತಳು. ಹತ್ತಬೇಡ ಅಂದಳು. ಅವನು ಹತ್ತಿದ. ಅವಳು ಅವನ ಬೆಲ್ಟು ಹಿಡಿದು ಎಳೆದಳು. ನೋಲಾ ಟ್ವೈಲಾಳ ಜುಟ್ಟು ಹಿಡಿದು ಎಳೆದಳು. ಟ್ವೈಲಾ ಹಿಂದಕ್ಕೆ ಒದ್ದಳು, ಒದೆ ನೋಲಾಳ ಹಳೆಯ ಮೊಣಕಾಲಿಗೇ ಬಿತ್ತು. ಇಬ್ಬರೂ ಧೂಳಿನಲ್ಲಿ ಹೊರಳಾಡಿದರು. ಒಬ್ಬಳು ಇನ್ನೊಬ್ಬಳ ಭುಜ ಕಚ್ಚಿದಳು, ಯಾರು ಯಾರದೆಂದು ಧೂಳಿನಲ್ಲಿ ಕಾಣಲಿಲ್ಲ. ಪಕ್ಕದಲ್ಲಿ ಒಂದು ಎನ್ ಮೋಟರು ತುಂಬಿಕೊಂಡು ನಿಂತಿದೆ ಎಂಬುದು ನೆನಪಾಗಿ ನಾವು ನಾಲ್ಕು ಜನ ಅವರನ್ನು ಕಾಲು ಹಿಡಿದು ಎಳೆದು ದೂರ ಒಯ್ದೆವು. ಇಷ್ಟು ಹೊತ್ತೂ ಎಮ್ಮೆಟ್ ಏಣಿಯ ಮೇಲೆ, ಕೊಳವೆಗೆ ಕಿವಿ ಹಚ್ಚಿಕೊಂಡು, "ಸ್ವಲ್ಪ ಸುಮ್ನಿರ್ತೀರಾ? ಕೇಳಿಸ್ತಿಲ್ಲ," ಅನ್ನುತ್ತಿದ್ದ.

ಎಲ್ಲರೂ ಸುಮ್ಮನಾದರು. ಪಿಪ್ ಪಿಪ್ ಪಿಪ್. ಅವನು ಮತ್ತೊಮ್ಮೆ ಕೇಳಿದ, ಇನ್ನೊಮ್ಮೆ ಕೇಳಿದ. ಉಕ್ಕಿನ ಕಾಲನ್ನು ಒಂದೊಂದೇ ಮೆಟ್ಟಿಲಿಗೆ ಇಳಿಸಿಕೊಂಡು ಬಂದ. ಈ ಜಗಳ, ಈ ಏಣಿ, ಈ ಎಮ್ಮೆನಡಿಗೆ ಎಲ್ಲ ಮುಗಿಯುವ ಹೊತ್ತಿಗೆ ಪಶ್ಚಿಮದ ಗುಡ್ಡದಿಂದ ಗಾಳಿ ಎದ್ದಿತ್ತು. ಹಾರಾಟ ನಿಲ್ಲಿಸುವಷ್ಟು ಜೋರಿರಲಿಲ್ಲ. ಆದರೆ ಟೋಪಿ ಹಿಡಿದುಕೊಳ್ಳುವಷ್ಟಿತ್ತು.

ಐದರಿಂದ ಹಿಂದಕ್ಕೆ ಎಣಿಸಿದೆವು. ಎನ್ ಮೋಟರು ಹೊತ್ತುವುದನ್ನು ಮೊದಲು ಕೇಳುವುದು ಕಿವಿಯಲ್ಲ, ಎದೆಗೂಡು. ಬೆಂಕಿ ನೆಲಕ್ಕೆ ಬಡಿದು ಕಂಬದ ಕೆಳಗಿನ ತಗಡನ್ನು ಮಡಚಿತು. ಮಣ್ಣು ಹೆಂಟೆಹೆಂಟೆಯಾಗಿ ಎದ್ದು ಬಂದು ಹತ್ತಿರದ ಕಾರುಗಳ ಗಾಜಿಗೆ ಬಡಿಯಿತು. ಕೊಟ್ಟಿಗೆಯೊಂದನ್ನು ಬುಡಸಮೇತ ಕಿತ್ತಂಥ ಸದ್ದು. ಆ ಸದ್ದು ಗುಡ್ಡಕ್ಕೆ ಹೊಡೆದು ತಿರುಗಿ ಬಂದು ಇನ್ನೊಮ್ಮೆ ಹೊಡೆಯಿತು. ನೋಲಾ ತನ್ನ ಕಿವುಡು ಕಿವಿಯನ್ನು ಅದರತ್ತ ತಿರುಗಿಸಿ ನಿಂತಿದ್ದಳು. ಆ ಕಿವಿಗೆ ಕೇಳಿಸುವುದು ಇಂಥದೊಂದೇ ಎಂದು ಅವಳು ಹೇಳುತ್ತಿದ್ದಳು.

ರಾಕೆಟ್ಟು ಚುಕ್ಕೆಯಾಯಿತು, ಚುಕ್ಕೆಯೂ ಹೋಯಿತು. ಟ್ವೈಲಾ ಗಂಡನ ತೋಳು ಹಿಡಿದು ಪಿಕಪ್ಪಿನ ಬಾನೆಟ್ಟಿನ ಪಕ್ಕಕ್ಕೆ ಎಳೆದುಕೊಂಡಿದ್ದಳು. ಆಮೇಲೆ ತುಂಬ ಮೇಲೆ ಒಂದು ಸಣ್ಣ ಬಿಳಿ ಹೊಗೆ, ಅದರ ಹಿಂದೆ ಚಿಕ್ಕ ಪ್ಯಾರಾಚೂಟ್. ಇನ್ನೂ ಕೆಳಗೆ ಬಂದ ಮೇಲೆ ದೊಡ್ಡದು ಅರಳಿತು. ಕಿತ್ತಳೆ ಬಣ್ಣದ, ಮದುವೆ ಚಪ್ಪರದಷ್ಟು ಅಗಲದ ಬಟ್ಟೆ. ಬರ್ನಿ ಬಿದ್ದ ದಿನದಿಂದ ನೋಲಾಳಿಗೆ ಬೀಳುವ ವಸ್ತುಗಳ ಬಗ್ಗೆ ದಿಗಿಲಿತ್ತು. ಇದು ಹೂವಿನ ಹಾಗೆ ಇಳಿಯಬೇಕೆಂದು ಹಟ ಹಿಡಿದು, ಬೇಕಾದದ್ದಕ್ಕಿಂತ ದೊಡ್ಡದನ್ನು ಅವಳೇ ಹೊಲಿದಿದ್ದಳು.

ಹೂವಿನ ಹಾಗೆಯೇ ಇಳಿಯಿತು. ನೆಲ ಮುಟ್ಟಿದ ಮರುಗಳಿಗೆ ಗಾಳಿ ಪ್ಯಾರಾಚೂಟಿನ ಹೊಟ್ಟೆ ತುಂಬಿ, ರಾಕೆಟ್ಟನ್ನು ಒಣಕೆರೆಯ ಮೇಲೆ ದರದರ ಎಳೆಯತೊಡಗಿತು. ಕೊಳವೆ ಬಿರುಕುಗಳಿಗೆ ಬಡಿದು ಬಡಿದು ಎಗರುತ್ತಿತ್ತು. ಹೀಗೆ ಗುಡ್ಡದ ಕಲ್ಲಿನವರೆಗೆ ಹೋದರೆ ರೆಕ್ಕೆಗಳು ಮುರಿಯುವುದು ಖಂಡಿತ. ರೆಕ್ಕೆ ಮುರಿದರೆ ಸಹಿ ಇಲ್ಲ.

ನೋಲಾ ಎದುರಿಗೆ ಸಿಕ್ಕ ಪಿಕಪ್ಪಿನ ಹಿಂಭಾಗಕ್ಕೆ ಹಾರಿದಳು. ಅದು ಲಾರ್ಕಿನ್‌ರ ಪಿಕಪ್ಪು. ಎಮ್ಮೆಟ್ ಮುಂದೆ ಹತ್ತಿದ. ಸ್ಟಿಯರಿಂಗ್ ಹಿಡಿದಿದ್ದವಳು ಟ್ವೈಲಾ.

"ಹೊಡಿಯೇ ಗಾಡಿ," ಎಂದು ನೋಲಾ ಕ್ಯಾಬಿನ್ನಿನ ನೆತ್ತಿಯನ್ನು ಗುದ್ದಿದಳು.

ಟ್ವೈಲಾ ಹೊಡೆದಳು. ಹಿಂದೆ ಕೂತವಳ ತಲೆ ಕಬ್ಬಿಣಕ್ಕೆ ಬಡಿಯುವಂತೆ, ಒಂದು ಹಳ್ಳವನ್ನೂ ತಪ್ಪಿಸದೆ ಹೊಡೆದಳು. ರಾಕೆಟ್ಟಿನ ಪಕ್ಕಕ್ಕೆ ಬಂದಾಗ ನೋಲಾ ನೆಗೆದಳು. ಮೂತಿಯನ್ನೂ ಮೈಯನ್ನೂ ಬಿಗಿದ ಪಟ್ಟಿ ಕೈಗೆ ಸಿಕ್ಕಿತು. ಬಿಡಲಿಲ್ಲ. ಗಾಳಿ ಈಗ ರಾಕೆಟ್ಟಿನ ಜೊತೆಗೆ ಅವಳನ್ನೂ ಎಳೆಯಿತು. ಅಂಗಿ ಹರಿಯಿತು, ಮೊಣಕೈಯ ಚರ್ಮ ಸುಲಿಯಿತು, ಎಡ ಮಣಿಕಟ್ಟು ಬಿರುಕಿಗೆ ಸಿಕ್ಕಿ ಕಟಕ್ಕೆಂದಿತು. ಅವಳು ಬಲಗೈಯಿಂದ ಪಟ್ಟಿಯನ್ನು ಸುತ್ತಿಕೊಂಡು, ಹಿಮ್ಮಡಿ ನೆಲಕ್ಕೆ ಊರಿ, ಬಾಯಿಗೆ ಬಂದದ್ದನ್ನೆಲ್ಲ ಬೈಯುತ್ತ ಜಾರುತ್ತಿದ್ದಳು. ಉದ್ದಕ್ಕೂ ನೆಲದ ಮೇಲೆ ಕೆಂಪು ಗೆರೆ ಮೂಡುತ್ತ ಹೋಯಿತು.

ಟ್ವೈಲಾ ಮುಂದೆ ಹೋಗಿ, ಅರ್ಧ ಸುತ್ತು ತಿರುಗಿ, ನೇರವಾಗಿ ಅವರ ಮೇಲೆಯೇ ಬಂದಳು. ದೂರದಿಂದ ನೋಡುತ್ತಿದ್ದ ನಮಗೆ ಅವಳು ನೋಲಾಳನ್ನು ಅರೆದುಬಿಡುತ್ತಾಳೆಂದೇ ಅನ್ನಿಸಿತು. ಯಾರೋ ಅಭ್ಯಾಸಬಲದಿಂದ ಕೈ ಎತ್ತಿ ಬೆರಳು ತೋರಿಸಿದರು. ಪಿಕಪ್ಪು ಪ್ಯಾರಾಚೂಟಿನ ಮೇಲೆ ಹತ್ತಿತು. ಬಟ್ಟೆ ಚಕ್ರಕ್ಕೆ ಸುತ್ತಿ ಪರ್ರೆಂದು ಹರಿಯಿತು. ಎಳೆತ ಥಟ್ಟನೆ ನಿಂತ ರಭಸಕ್ಕೆ ಕೊಳವೆ ಗಿರ್ರನೆ ತಿರುಗಿ ನೋಲಾಳ ಪಕ್ಕೆಲುಬಿಗೆ ಅಪ್ಪಳಿಸಿತು. ಪಿಕಪ್ಪು ನಿಂತಾಗ ಮುಂದಿನ ಚಕ್ರ ಅವಳ ತಲೆಯಿಂದ ಒಂದು ಗೇಣು ದೂರದಲ್ಲಿತ್ತು.

ನಾವು ಓಡಿ ತಲುಪುವಷ್ಟರಲ್ಲಿ ಟ್ವೈಲಾ ಕೆಳಗಿಳಿದು ಅವಳ ತಲೆಯ ಹತ್ತಿರ ನಿಂತಿದ್ದಳು.

"ಬ್ರೇಕು ಒತ್ತೋಕೆ ಯೋಚ್ನೆ ಮಾಡ್ಬೇಕಾಯ್ತೇನೇ?" ಅಂದಳು ನೋಲಾ, ಮಲಗಿಕೊಂಡೇ.

"ಸ್ವಲ್ಪ," ಅಂದಳು ಟ್ವೈಲಾ.

ನೋಲಾ ಎದ್ದು ಕೂತು, ಹರಿದ ಪ್ಯಾರಾಚೂಟ್ ನೋಡಿ, ಸರಿಯಾಗಿದ್ದ ಕೈಯಿಂದ ಟ್ವೈಲಾಳ ಮೂಗಿಗೆ ಒಂದು ಕೊಟ್ಟಳು. ಹಿಂದಿನ ಸಂಜೆಯ ಕೆನ್ನೆಯೇಟಿಗೆ ಅದು ಸರಿಹೋಯಿತೆಂದು ಕಾಣುತ್ತದೆ, ಟ್ವೈಲಾ ತಿರುಗಿ ಹೊಡೆಯಲಿಲ್ಲ. ಮೂಗು ಹಿಡಿದುಕೊಂಡು ಅವಳ ಪಕ್ಕದಲ್ಲೇ ಕುಸಿದು ಕೂತಳು. ಇಬ್ಬರ ರಕ್ತವೂ ಒಂದೇ ಬಿರುಕಿಗೆ ಇಳಿಯುತ್ತಿತ್ತು.

ಎಮ್ಮೆಟ್ ಇಬ್ಬರನ್ನೂ ನೋಡಲಿಲ್ಲ. ಊರುಗೋಲು ಊರಿಕೊಂಡು ನೇರವಾಗಿ ರಾಕೆಟ್ಟಿನ ಹತ್ತಿರ ಹೋದ. ಕಷ್ಟಪಟ್ಟು ನೆಲಕ್ಕೆ ಕೂತ. ಮೂರು ರೆಕ್ಕೆಗಳನ್ನೂ ಒಂದೊಂದಾಗಿ ಹಿಡಿದು ಅಲುಗಿಸಿ ನೋಡಿದ, ಬುಡದ ಅಂಟಿನ ಮೇಲೆ ಉಗುರು ಎಳೆದ, ಕೊಳವೆಯ ಒಳಗೆ ಕಣ್ಣಿಟ್ಟ, ಮೋಟರಿನ ಕವಚವನ್ನು ಮೂಸಿ ನೋಡಿದ. ಬಣ್ಣ ಕೆರೆದುಹೋಗಿತ್ತು. ಅವನ ಹೆಸರಿನ ಕೊನೆಯ ಅಕ್ಷರ ನೆಲಕ್ಕೆ ಉಜ್ಜಿ ಅಳಿಸಿತ್ತು.

"ರೆಕ್ಕೆ ಗಟ್ಟಿಯಾಗಿದೆ," ಅಂದ.

"ಪ್ಯಾರಾಚೂಟ್ ಹರ್ದಿದೆಯಲ್ಲ?" ಅಂತ ನಮ್ಮಲ್ಲೊಬ್ಬ ಕಾಯಿದೆ ತೆಗೆದ.

"ಅದು ಹಾರಿದ್ರಿಂದ ಹರಿದದ್ದಲ್ಲ. ನನ್ ಹೆಂಡ್ತಿಯಿಂದ ಹರಿದದ್ದು. ನನ್ ಹೆಂಡ್ತಿ ಬಗ್ಗೆ ಕಾಯ್ದೆಯಲ್ಲಿ ಏನೂ ಬರ್ದಿಲ್ಲ."

ಜೇಬಿನಿಂದ ಪೆನ್ನು ತೆಗೆದ. ಮಡಚಿಟ್ಟಿದ್ದ ಹಾಳೆಯನ್ನು ತನ್ನದೇ ಹೆಸರಿನ ರಾಕೆಟ್ಟಿನ ಮೇಲೆ ಹರಡಿಕೊಂಡು, ಹಿಮದ ಗಾಡಿ ಓಡಿಸುವಷ್ಟೇ ನಿಧಾನವಾಗಿ ಸಹಿ ಹಾಕಿದ. ಹಾಳೆಯನ್ನು ನೋಲಾಳ ಮಡಿಲಿಗೆ ಇಟ್ಟು, ಅವಳ ತಲೆಯ ಮೇಲೆ ಒಂದು ಸಲ ಕೈಯಿಟ್ಟು ತೆಗೆದ. ಅವಳು ಹಾಳೆಯನ್ನು ನೋಡುತ್ತ ಕೂತಳು. ರಕ್ತ ತಾಗಬಾರದೆಂದು ಬೆರಳ ತುದಿಯಲ್ಲಿ ಅಂಚು ಹಿಡಿದಿದ್ದಳು. ನಾವು ಯಾರೂ ಚಪ್ಪಾಳೆ ತಟ್ಟಲಿಲ್ಲ.

ಟ್ವೈಲಾ ಕಿತ್ತಳೆ ಬಟ್ಟೆಯಿಂದ ಉದ್ದನೆಯ ಪಟ್ಟಿ ಹರಿದು ನೋಲಾಳ ಪಕ್ಕೆಲುಬುಗಳ ಸುತ್ತ ಬಿಗಿಯತೊಡಗಿದಳು. ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ಬಿಗಿದಳು. ನೋಲಾ ಹಲ್ಲು ಕಚ್ಚಿದಳು, ಉಳಿದಿದ್ದವನ್ನು. ಗಂಟು ಹಾಕಿ ಮುಗಿದ ಮೇಲೆ ಟ್ವೈಲಾ ಅವಳ ಗಲ್ಲ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡಳು. ಟ್ವೈಲಾಳ ಕಣ್ಣು ತುಂಬಿತ್ತು. ಮೂಗಿನ ಪೆಟ್ಟಿಗೋ, ಬೇರೆ ಯಾವುದಕ್ಕೋ.

"ಇವ್ನ ಕಾಲು ಹೋಯ್ತು, ನಿನ್ ಕಿವಿ ಹೋಯ್ತು. ನಾಲ್ಕು ವರ್ಷ ನಾವಿಬ್ರೂ ನಾಯಿಗಳ ಥರ ಕಚ್ಚಾಡಿದ್ವಿ. ಇವತ್ತು ನಾನು ನಿನ್ನ ಸಾಯಿಸ್ತಾ ಇದ್ದೆ ಕಣೇ, ಬ್ರೇಕು ಒತ್ತದೇ ಇದ್ದಿದ್ರೆ. ದೇವರಾಣೆ ನಿಜ ಹೇಳು ನೋಲಾ, ಇಷ್ಟೆಲ್ಲಾ ಆದ್ಮೇಲೆ ನಿಂಗೆ ಏನನ್ನಿಸ್ತಿದೆ?"

ನೋಲಾ ಪಕ್ಕೆಯ ಮೇಲಿನ ಕಿತ್ತಳೆ ಪಟ್ಟಿಯನ್ನು ಸವರಿದಳು. ಗುಡ್ಡ ನೋಡಿದಳು, ಎಮ್ಮೆಟ್‌ನನ್ನು ನೋಡಿದಳು, ಸುತ್ತ ನಿಂತಿದ್ದ ನಮ್ಮನ್ನೆಲ್ಲ ನೋಡಿದಳು.

"ಪ್ಯಾರಾಚೂಟು," ಅಂದಳು, "ಒಂದ್ ಸೈಜು ಚಿಕ್ಕದಿದ್ರೆ ಸಾಕಿತ್ತು."